ನೋಡ್ ಲ್ಯಾಪ್‌ಟಾಪ್‌ನಲ್ಲೋ, ಟೆಸ್ಟ್‌ನೆಟ್‌ನಲ್ಲೋ: ಇಥೀರಿಯಂ ಕೆಲಸಕ್ಕೆ ಇಳಿಯುವವರಿಗೆ ಒಂದು ಹೋಲಿಕೆ

ಇಥೀರಿಯಂ ಎಂಬ ಬ್ಲಾಕ್‌ಚೈನ್‌ಗಾಗಿ ಸ್ಮಾರ್ಟ್ ಕಾಂಟ್ರ್ಯಾಕ್ಟ್, ಅಂದರೆ ಆ ಜಾಲದ ಮೇಲೆ ಓಡುವ ಪ್ರೋಗ್ರಾಮ್, ಬರೆಯಲು ಆರಂಭಿಸಿದವರು ಸಾಮಾನ್ಯವಾಗಿ ಮೊದಲ ವಾರದಲ್ಲಿಯೇ ಒಂದು ಕವಲಿಗೆ ಬಂದು ನಿಲ್ಲುತ್ತಾರೆ. ಬರೆದ ಕೋಡನ್ನು ಎಲ್ಲಿ ಓಡಿಸಿ ನೋಡುವುದು? ಲ್ಯಾಪ್‌ಟಾಪ್‌ನಲ್ಲಿಯೇ ನೋಡ್ (ಬ್ಲಾಕ್‌ಚೈನ್ ಓಡಿಸುವ ತಂತ್ರಾಂಶ) ಹಾಕಿಕೊಂಡರೆ ಸಾಕು ಎಂದು ಒಬ್ಬರು ಹೇಳುತ್ತಾರೆ; ಸೆಪೋಲಿಯಾ ಎಂಬ ಟೆಸ್ಟ್‌ನೆಟ್‌ಗೆ, ಅಂದರೆ ಎಲ್ಲರೂ ಹಂಚಿಕೊಳ್ಳುವ ಪರೀಕ್ಷಾ ಜಾಲಕ್ಕೆ, ಹಾಕದೆ ಏನೂ ತಿಳಿಯದು ಎಂದು ಇನ್ನೊಬ್ಬರು; ಸ್ವಂತ ನೋಡ್ ಇಲ್ಲದವರು ಬ್ಲಾಕ್‌ಚೈನ್ ಬಗ್ಗೆ ಮಾತಾಡಲೇಬಾರದು ಎಂದು ಹೆದರಿಸುವ ಮೂರನೆಯವರೂ ಇದ್ದಾರೆ. ಈ ಪ್ರಶ್ನೆಯನ್ನು ನನ್ನಲ್ಲಿ ಕೇಳಿದವರಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುತ್ತಿರುವ ಇಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದಾರೆ, ಮೂರು ನಾಲ್ಕು ಜನರ ಸಣ್ಣ ತಂಡಗಳಿವೆ, ವ್ಯಾಲಿಡೇಟರ್ (ಈಥರ್ ಎಂಬ ನಾಣ್ಯ ಠೇವಣಿಯಿಟ್ಟು ವಹಿವಾಟುಗಳ ಬ್ಲಾಕ್‌ಗಳನ್ನು ದೃಢೀಕರಿಸುವವರು) ಆಗುವ ಮೊದಲು ಕೈ ಪಳಗಿಸಿಕೊಳ್ಳಬೇಕೆಂದಿರುವವರೂ ಇದ್ದಾರೆ. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಕನಿಷ್ಠ ಇಬ್ಬರಿಗೆ ತಪ್ಪು ದಾರಿ ತೋರಿಸಿದಂತಾಗುತ್ತದೆ.

ಯಾವುದರಿಂದ ಅಳೆಯಬೇಕು

ನಾನು ಮೊದಲು ನೋಡುವುದು ಗಡಿಯಾರ ಯಾರ ಕೈಯಲ್ಲಿದೆ ಎಂಬುದನ್ನು. ಇಥೀರಿಯಂನಲ್ಲಿ 12 ಸೆಕೆಂಡಿಗೆ ಒಂದು ಸ್ಲಾಟ್, ಅಂದರೆ ಒಂದು ಬ್ಲಾಕಿಗೆ ಮೀಸಲಾದ ಅವಧಿ; 32 ಸ್ಲಾಟ್‌ಗಳು ಸೇರಿದರೆ ಒಂದು ಎಪೋಕ್. ಎರಡು ಎಪೋಕ್ ಕಳೆದ ಮೇಲೆ, ಅಂದರೆ ಎಲ್ಲವೂ ಸರಿಯಿದ್ದರೆ ಸುಮಾರು 13 ನಿಮಿಷಗಳಲ್ಲಿ, ಒಂದು ಬ್ಲಾಕ್ ಇನ್ನು ಬದಲಾಗದಂತೆ ಅಂತಿಮವೆನಿಸಿಕೊಳ್ಳುತ್ತದೆ. ಸ್ವಂತ ಯಂತ್ರದ ನೋಡ್‌ನಲ್ಲಿ ಈ ಕಾಲವನ್ನು ನಿಮಗೆ ಬೇಕಾದಂತೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಹಂಚಿಕೆಯ ಜಾಲದಲ್ಲಿ ಎಲ್ಲರೊಂದಿಗೆ ಕಾಯಲೇಬೇಕು. ಮುಂದಿನ ಅನುಕೂಲ, ಅನನುಕೂಲಗಳಲ್ಲಿ ಅರ್ಧದಷ್ಟು ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಎರಡನೆಯದು, ನಿಮ್ಮ ಕೆಲಸವನ್ನು ಇನ್ನೊಬ್ಬರು ಅವರ ಯಂತ್ರದಿಂದ ನೋಡಬೇಕೇ ಎಂಬುದು. ಮೂರನೆಯದು, ನಿಮ್ಮ ಕಾಂಟ್ರ್ಯಾಕ್ಟ್ ಬೇರೆಯವರ ಕಾಂಟ್ರ್ಯಾಕ್ಟ್‌ಗಳನ್ನು, ಉದಾಹರಣೆಗೆ ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಸಿ ಟೋಕನ್ನನ್ನೋ, ಟೋಕನ್ ವಿನಿಮಯದ ಯೂನಿಸ್ವಾಪ್‌ನ ಪೂಲನ್ನೋ (ವಿನಿಮಯಕ್ಕೆಂದು ಕೂಡಿಟ್ಟ ಹಣ), ಹೊರಗಿನ ಬೆಲೆಗಳನ್ನು ಚೈನ್‌ಗೆ ತರುವ ಚೈನ್‌ಲಿಂಕ್‌ನ ಬೆಲೆ ಮಾಹಿತಿಯನ್ನೋ, ಅವಲಂಬಿಸಿದೆಯೇ ಎಂಬುದು. ಆಮೇಲೆ ಖರ್ಚು ಬರುತ್ತದೆ. ಇಲ್ಲಿ ಹಣಕ್ಕಿಂತ ಹೆಚ್ಚಾಗಿ ಡಿಸ್ಕ್, ಇಂಟರ್ನೆಟ್ ಡೇಟಾ, ಕರೆಂಟು ಮತ್ತು ನಿಮ್ಮ ಸಂಜೆಗಳು ವ್ಯಯವಾಗುತ್ತವೆ. ಕೊನೆಯದಾಗಿ, ನೀವು ಇಂದು ಹಾಕಿದ್ದು ಮುಂದಿನ ವರ್ಷವೂ ಅಲ್ಲಿಯೇ ಇರಬೇಕೇ ಎಂದು ಕೇಳಿಕೊಳ್ಳಿ. ಟೆಸ್ಟ್‌ನೆಟ್‌ಗಳಿಗೂ ಆಯುಷ್ಯವಿದೆ ಎಂಬುದು ಹಲವರ ಗಮನಕ್ಕೆ ಬರುವುದು ಅವು ಮುಚ್ಚಿದ ಮೇಲೆಯೇ.

ಲ್ಯಾಪ್‌ಟಾಪ್‌ನಲ್ಲಿ ಓಡುವ ನೋಡ್

ಹಳೆಯ ಪಾಠಗಳನ್ನು ಹಿಡಿದು ಹೊರಟವರಿಗೆ ಮೊದಲೊಂದು ಎಚ್ಚರಿಕೆ. ಟ್ರಫಲ್ ಮತ್ತು ಗನಾಶ್ ಎಂಬ ಎರಡು ಸಾಧನಗಳ ಮೇಲೆ ಬರೆದ ಪಾಠಗಳು ಅಂತರ್ಜಾಲದಲ್ಲಿ ಈಗಲೂ ಹೇರಳವಾಗಿವೆ. ಆದರೆ ಅವುಗಳನ್ನು ನೋಡಿಕೊಳ್ಳುತ್ತಿದ್ದ ಕನ್ಸೆನ್ಸಿಸ್ ಸಂಸ್ಥೆ 2023ರ ಸೆಪ್ಟೆಂಬರ್‌ನಲ್ಲಿಯೇ ಅವುಗಳನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಹೊಸದಾಗಿ ಆರಂಭಿಸುವವರಿಗೆ ಇಂದು ಇರುವ ಮುಖ್ಯ ದಾರಿಗಳು ಎರಡು: ಫೌಂಡ್ರಿಯ ಜೊತೆಗೆ ಬರುವ ಆನ್ವಿಲ್ ಮತ್ತು ಹಾರ್ಡ್‌ಹ್ಯಾಟ್‌ನೊಳಗಿನ ನೋಡ್. ಪರೀಕ್ಷೆಗಳನ್ನು ಕಾಂಟ್ರ್ಯಾಕ್ಟ್ ಬರೆಯುವ ಭಾಷೆಯಾದ ಸಾಲಿಡಿಟಿಯಲ್ಲಿಯೇ ಬರೆಯುವ ಮನಸ್ಸಿದ್ದರೆ ಮೊದಲನೆಯದು, ಜಾವಾಸ್ಕ್ರಿಪ್ಟ್ ಅಥವಾ ಟೈಪ್‌ಸ್ಕ್ರಿಪ್ಟ್ ಕೈಗೆ ಒಗ್ಗಿದ್ದರೆ ಎರಡನೆಯದು ಸಲೀಸಾಗುತ್ತದೆ. ಈ ಬರಹದ ಮಟ್ಟಿಗೆ ಅವೆರಡರ ನಡುವಿನ ವ್ಯತ್ಯಾಸ ಅಷ್ಟು ದೊಡ್ಡದಲ್ಲ.

ಆನ್ವಿಲ್ ಹಾಕಿಕೊಂಡ ಮೇಲೆ ಟರ್ಮಿನಲ್‌ನಲ್ಲಿ ಅದರ ಹೆಸರನ್ನು ಟೈಪಿಸಿ ಎಂಟರ್ ಒತ್ತಿದರೆ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಹತ್ತು ಖಾತೆಗಳು ತೆರೆದುಕೊಳ್ಳುತ್ತವೆ. ಪ್ರತಿಯೊಂದರಲ್ಲಿಯೂ 10,000 ಈಥರ್, ಕೆಳಗೆ ಅವುಗಳ ಖಾಸಗಿ ಕೀಲಿಗಳು, ಕೊನೆಯ ಸಾಲಿನಲ್ಲಿ 127.0.0.1:8545 ಎಂಬ ವಿಳಾಸ. ಜಾಲವನ್ನು ಗುರುತಿಸುವ ಸಂಖ್ಯೆ, ಅಂದರೆ ಚೈನ್ ಐಡಿ, 31337. ಇಂಟರ್ನೆಟ್ ಬೇಕಿಲ್ಲ, ಲಾಗಿನ್ ಇಲ್ಲ, 8 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್ ಕೂಡ ಉಸ್ಸೆನ್ನುವುದಿಲ್ಲ. ಮುದ್ರಿತವಾಗುವ ಆ ಕೀಲಿಗಳು ಜಗತ್ತಿನ ಎಲ್ಲ ಯಂತ್ರಗಳಲ್ಲಿಯೂ ಅವೇ ಆಗಿರುತ್ತವೆ, ಏಕೆಂದರೆ ಆನ್ವಿಲ್ ಮತ್ತು ಹಾರ್ಡ್‌ಹ್ಯಾಟ್ ಎರಡೂ ಒಂದೇ ಬಹಿರಂಗ ಪದಗುಚ್ಛದಿಂದ ಅವನ್ನು ಹುಟ್ಟಿಸುತ್ತವೆ. ಆದ್ದರಿಂದ ಆ ಖಾತೆಗಳಿಗೆ ಯಾವ ಸಾರ್ವಜನಿಕ ಜಾಲದಲ್ಲಿಯೂ ಒಂದು ಕಾಸನ್ನೂ ಕಳಿಸಬಾರದು. ಬಂದದ್ದನ್ನು ಗುಡಿಸಿಕೊಂಡು ಹೋಗಲು ಬಾಟ್‌ಗಳು ಕಾದಿರುತ್ತವೆ.

ಸ್ಥಳೀಯ ನೋಡ್‌ನ ನಿಜವಾದ ಶಕ್ತಿ ಅದರ ಗಡಿಯಾರದಲ್ಲಿದೆ. ನಾನು ಒಮ್ಮೆ ಅಭ್ಯಾಸಕ್ಕೆಂದು ಚೀಟಿ ವ್ಯವಹಾರದ ಕಾಂಟ್ರ್ಯಾಕ್ಟ್ ಒಂದನ್ನು ಬರೆದಿದ್ದೆ: ಹತ್ತು ಸದಸ್ಯರು, ತಿಂಗಳಿಗೊಂದು ಹರಾಜು, ಕಂತು ಕಟ್ಟದವರಿಗೆ ಏಳು ದಿನಗಳ ವಾಯಿದೆ. ಇದನ್ನು ನಿಜವಾದ ಕಾಲದಲ್ಲಿ ಪರೀಕ್ಷಿಸಲು ಹತ್ತು ತಿಂಗಳು ಬೇಕು. ಸ್ಥಳೀಯ ನೋಡ್‌ಗೆ 6,04,800 ಸೆಕೆಂಡು ಮುಂದೆ ಹೋಗು ಎಂದರೆ ವಾಯಿದೆ ಮುಗಿದೇ ಹೋಗುತ್ತದೆ. ಇಡೀ ಚೀಟಿಯ ಹತ್ತು ತಿಂಗಳು ಚಹಾ ಆರುವ ಮೊದಲೇ ಮುಗಿಯುತ್ತವೆ. ಒಂದು ಹಂತದಲ್ಲಿ ಚೈನ್‌ನ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಆಗಿ ಹಿಡಿದಿಟ್ಟು, ಪ್ರಯೋಗ ಮಾಡಿ, ಮತ್ತೆ ಅಲ್ಲಿಗೇ ಹಿಂದಿರುಗಬಹುದು. ಒಂದೇ ಪರೀಕ್ಷೆಯನ್ನು ಸಾವಿರ ಸಲ ಓಡಿಸಿದರೂ ಸಾವಿರ ಸಲವೂ ಅದೇ ಉತ್ತರ ಬರುತ್ತದೆ ಎಂಬ ಭರವಸೆ ಹಂಚಿಕೆಯ ಜಾಲದಲ್ಲಿ ಎಂದಿಗೂ ಸಿಗದು. ಪ್ರತಿ ಸಲ ಕೋಡ್ ಬದಲಾದಾಗ ತಾನಾಗಿಯೇ ಓಡುವ ಪರೀಕ್ಷೆಗಳಿಗೆ ಸ್ಥಳೀಯ ನೋಡ್ ಬಿಟ್ಟು ಬೇರೆ ಯೋಚನೆಯೇ ಬೇಡ.

ಆದರೆ ಈ ಸುಖವೇ ಕೆಲವು ದೋಷಗಳನ್ನು ಮುಚ್ಚಿಡುತ್ತದೆ. ಸ್ಥಳೀಯ ನೋಡ್ ತಾನಾಗಿ ಬಂದ ಸ್ಥಿತಿಯಲ್ಲಿ ವಹಿವಾಟು ತಲುಪಿದ ಕ್ಷಣವೇ ಅದಕ್ಕೆಂದೇ ಒಂದು ಬ್ಲಾಕ್ ಕಟ್ಟಿಬಿಡುತ್ತದೆ. ನನ್ನ ಚೀಟಿಯ ಪುಟದಲ್ಲಿ ಹರಾಜಿನ ಗುಂಡಿ ಒತ್ತಿದೊಡನೆ ಹೊಸ ಮೊತ್ತ ಕಾಣಿಸುತ್ತಿತ್ತು, ನಾನೂ ಬೀಗಿದ್ದೆ. ಸೆಪೋಲಿಯಾಕ್ಕೆ ಹಾಕಿ ಗೆಳೆಯನ ಕೈಗೆ ಫೋನು ಕೊಟ್ಟೆ. ಅವನು ಗುಂಡಿ ಒತ್ತಿದ. ಪುಟದಲ್ಲಿ ಹಳೆಯ ಮೊತ್ತವೇ ಇತ್ತು. ಒತ್ತಿದ್ದು ತಾಗಲಿಲ್ಲವೆಂದುಕೊಂಡು ಮತ್ತೊಮ್ಮೆ ಒತ್ತಿದ. ಇಪ್ಪತ್ತು ಸೆಕೆಂಡಿನ ನಂತರ ಅವನ ಹೆಸರಿನಲ್ಲಿ ಎರಡು ಹರಾಜು ಕೂಗುಗಳು ದಾಖಲಾಗಿದ್ದವು. ವಹಿವಾಟಿನ ಹ್ಯಾಷ್ (ಅದರ ಗುರುತಿನ ಸಂಖ್ಯೆ) ಕೈಗೆ ಬಂದೊಡನೆ, ಅದು ಬ್ಲಾಕ್ ಸೇರಿದ ರಸೀದಿಗೆ ಕಾಯದೆ, ನಾನು ಸ್ಥಿತಿಯನ್ನು ಓದಿಬಿಡುತ್ತಿದ್ದೆ. ಕಾಯುವ ಅಗತ್ಯವೇ ಇಲ್ಲದ ಜಗತ್ತಿನಲ್ಲಿ ಈ ತಪ್ಪು ಕಾಣಿಸುವುದಾದರೂ ಹೇಗೆ? ನಂತರ ತಿಳಿದದ್ದೆಂದರೆ, ಆನ್ವಿಲ್‌ಗೆ ಬ್ಲಾಕ್ ಟೈಮ್ 12 ಎಂದು ಆಯ್ಕೆ ಕೊಟ್ಟು ಓಡಿಸಿದ್ದರೆ ಅದೇ ತಪ್ಪು ಮನೆಯಲ್ಲಿಯೇ ಸಿಕ್ಕುತ್ತಿತ್ತು. ಆದ್ದರಿಂದ ಕಾಂಟ್ರ್ಯಾಕ್ಟ್‌ನ ಪರೀಕ್ಷೆಗೆ ತಕ್ಷಣದ ಬ್ಲಾಕ್, ಪರದೆಯ ಪರೀಕ್ಷೆಗೆ 12 ಸೆಕೆಂಡಿನ ಬ್ಲಾಕ್ ಎಂಬ ಪದ್ಧತಿಯನ್ನು ಇಟ್ಟುಕೊಂಡಿದ್ದೇನೆ.

ಉಳಿದ ತೊಂದರೆಗಳು ಚಿಕ್ಕವು, ಆದರೆ ಹೊಸಬರ ಅರ್ಧ ದಿನ ತಿನ್ನುವಂಥವು. ನೋಡನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರೆ ಚೈನ್ ಶೂನ್ಯದಿಂದ ಆರಂಭವಾಗುತ್ತದೆ, ಆದರೆ ಮೆಟಾಮಾಸ್ಕ್ ಎಂಬ ವಾಲೆಟ್ ಹಿಂದಿನ ನಾನ್ಸ್, ಅಂದರೆ ಖಾತೆಯ ವಹಿವಾಟಿನ ಕ್ರಮಸಂಖ್ಯೆ, ನೆನಪಿಟ್ಟುಕೊಂಡಿರುತ್ತದೆ. ವಹಿವಾಟು ಸುಮ್ಮನೆ ನಿಂತುಬಿಟ್ಟರೆ ವಾಲೆಟ್‌ನ ಸೆಟ್ಟಿಂಗ್ಸ್‌ನಲ್ಲಿ ಆ ಖಾತೆಯ ಚಟುವಟಿಕೆಯ ದಾಖಲೆ ಅಳಿಸಬೇಕು. ಫೋನಿನಿಂದ ಪರೀಕ್ಷಿಸುವಾಗ 127.0.0.1 ಎಂದರೆ ಫೋನು ತಾನೇ, ನಿಮ್ಮ ಲ್ಯಾಪ್‌ಟಾಪ್ ಅಲ್ಲ. ಕಾಂಟ್ರ್ಯಾಕ್ಟ್‌ನ ಗಾತ್ರಕ್ಕೆ ಇಥೀರಿಯಂನಲ್ಲಿ 24,576 ಬೈಟ್‌ಗಳ ಮಿತಿಯಿದೆ; ಸ್ಥಳೀಯ ನೋಡ್‌ನಲ್ಲಿ ಈ ಮಿತಿಯನ್ನು ಸಡಿಲಿಸುವ ಸೆಟ್ಟಿಂಗ್ ಇದೆ, ಅದನ್ನು ಯಾವಾಗಲೋ ಹಾಕಿ ಮರೆತವರಿಗೆ ಡೆಪ್ಲಾಯ್ ಮಾಡುವ, ಅಂದರೆ ಜಾಲಕ್ಕೆ ಏರಿಸುವ, ದಿನ ಗ್ರಹಚಾರ ಕಾದಿರುತ್ತದೆ.

ಫೋರ್ಕ್ ಎಂಬ ನಡುದಾರಿ

ಸ್ಥಳೀಯ ನೋಡ್‌ನ ದೊಡ್ಡ ಕೊರತೆ ಅದರ ಒಂಟಿತನ. ಅಲ್ಲಿ ಯುಎಸ್‌ಡಿಸಿ ಇಲ್ಲ, ಯೂನಿಸ್ವಾಪ್ ಇಲ್ಲ. ಎಲ್ಲದಕ್ಕೂ ನೀವೇ ನಕಲಿ ಕಾಂಟ್ರ್ಯಾಕ್ಟ್ ಬರೆಯಬೇಕು, ಮತ್ತು ನಕಲಿಯು ನೀವು ಊಹಿಸಿಕೊಂಡಂತೆ ವರ್ತಿಸುತ್ತದೆಯೇ ಹೊರತು ಅಸಲಿಯಂತೆ ಅಲ್ಲ. ಇದಕ್ಕೆ ಉತ್ತರ ಫೋರ್ಕ್: ಮುಖ್ಯಜಾಲದ, ಅಂದರೆ ನಿಜವಾದ ಹಣ ಓಡಾಡುವ ಇಥೀರಿಯಂನ, ಒಂದು ನಿರ್ದಿಷ್ಟ ಬ್ಲಾಕ್‌ನ ಸ್ಥಿತಿಯನ್ನು ಆಧಾರವಾಗಿ ಹಿಡಿದು, ಬೇಕಾದ ಮಾಹಿತಿಯನ್ನು ಬೇಕಾದಾಗ ದೂರದ ನೋಡ್‌ನಿಂದ ತರಿಸಿಕೊಳ್ಳುತ್ತ, ನೀವು ಮಾಡುವ ಬದಲಾವಣೆಗಳನ್ನು ಮಾತ್ರ ನಿಮ್ಮ ಯಂತ್ರದಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆ. ದೊಡ್ಡ ಮೊತ್ತ ಹೊಂದಿರುವ ಯಾವುದೋ ಖಾತೆಯ ವೇಷ ಹಾಕಿ ಅದರಿಂದ ಟೋಕನ್ ವರ್ಗಾಯಿಸಿಕೊಳ್ಳಬಹುದು. ನಿಜವಾದ ಜಾಲದಲ್ಲಿ ಒಂದು ಎಲೆಯೂ ಅಲುಗುವುದಿಲ್ಲ.

ಹಣಕಾಸಿನ ಕಾಂಟ್ರ್ಯಾಕ್ಟ್‌ಗಳ ಮೇಲೆ ಕೆಲಸ ಮಾಡುವವರಿಗೆ ಟೆಸ್ಟ್‌ನೆಟ್‌ಗಿಂತ ಫೋರ್ಕ್ ಎಷ್ಟೋ ಮೇಲು ಎಂಬುದು ನನ್ನ ಅಭಿಪ್ರಾಯ. ಟೆಸ್ಟ್‌ನೆಟ್‌ನಲ್ಲಿ ಯೂನಿಸ್ವಾಪ್ ಇದ್ದರೂ ಪೂಲ್‌ಗಳಲ್ಲಿ ಇರುವ ಹಣ ಆಟದ ಹಣ. ಅಲ್ಲಿ ಕಾಣುವ ಬೆಲೆಗೂ ಮಾರುಕಟ್ಟೆಗೂ ಸಂಬಂಧವಿಲ್ಲ. ಫೋರ್ಕ್‌ನಲ್ಲಿ ಆ ಬ್ಲಾಕ್‌ನ ಕ್ಷಣದಲ್ಲಿ ಇದ್ದ ನಿಜವಾದ ಆಳವೇ ಸಿಗುತ್ತದೆ.

ಇಲ್ಲಿಯೂ ಎರಡು ಮೂರು ಗುಂಡಿಗಳಿವೆ. ಬ್ಲಾಕ್ ಸಂಖ್ಯೆಯನ್ನು ನಿಗದಿ ಮಾಡದೆ ಫೋರ್ಕ್ ಮಾಡಿದರೆ ನಿನ್ನೆ ಪಾಸಾದ ಪರೀಕ್ಷೆ ಇಂದು ಬೀಳುತ್ತದೆ, ಕ್ಯಾಷ್ ಆಗದ ಕಾರಣ ಪ್ರತಿ ಸಲವೂ ನಿಧಾನವಾಗುತ್ತದೆ. ಹಳೆಯ ಬ್ಲಾಕ್ ನಿಗದಿ ಮಾಡಿದರೆ ದೂರದ ನೋಡ್ ಆರ್ಕೈವ್ ಮಾಹಿತಿ (ಹಳೆಯ ಬ್ಲಾಕ್‌ಗಳ ಕಾಲದ ಸ್ಥಿತಿ) ಕೊಡುವಂಥದ್ದಾಗಿರಬೇಕು. ಫೋರ್ಕ್ ಎಂಬುದು ನಿಂತ ನೀರು ಎಂಬುದನ್ನೂ ಮರೆಯಬಾರದು: ಕಾಲವನ್ನು ಏಳು ದಿನ ಮುಂದಕ್ಕೆ ತಳ್ಳಿದರೆ ನಿಮ್ಮ ಗಡಿಯಾರ ಮುಂದೆ ಹೋಗುತ್ತದೆ, ಚೈನ್‌ಲಿಂಕ್‌ನ ಬೆಲೆ ಮಾತ್ರ ಅಲ್ಲಿಯೇ ನಿಂತಿರುತ್ತದೆ, ಬೆಲೆ ಹಳತಾಗಿದೆಯೇ ಎಂದು ಪರಿಶೀಲಿಸುವ ಒಳ್ಳೆಯ ಕಾಂಟ್ರ್ಯಾಕ್ಟ್ ಆಗ ಸರಿಯಾಗಿಯೇ ಎಡವುತ್ತದೆ. ಇನ್ನೊಂದು, ಆ ಬಹಿರಂಗ ಕೀಲಿಗಳ ಖಾತೆಗಳು ಮುಖ್ಯಜಾಲದಲ್ಲಿ ಯಾರೂ ಮುಟ್ಟದೆ ಉಳಿದವಲ್ಲ. 2025ರ ಮೇ 7ರ ಪೆಕ್ಟ್ರಾ ನವೀಕರಣದ ನಂತರ ಸಾಮಾನ್ಯ ಖಾತೆಗೂ ಕೋಡ್ ಅಂಟಿಸಲು ಸಾಧ್ಯವಾಗಿರುವುದರಿಂದ, ಫೋರ್ಕ್‌ನಲ್ಲಿ ಅವು ಕಾಂಟ್ರ್ಯಾಕ್ಟ್‌ಗಳಂತೆ ವರ್ತಿಸಿ ಪರೀಕ್ಷೆ ವಿಚಿತ್ರವಾಗಿ ಬೀಳಬಹುದು. ಫೋರ್ಕ್‌ನಲ್ಲಿ ಹೊಸ ಖಾತೆಗಳನ್ನು ಹುಟ್ಟಿಸಿಕೊಂಡೇ ಕೆಲಸ ಮಾಡುವುದು ಕ್ಷೇಮ.

ಹಂಚಿಕೆಯ ಟೆಸ್ಟ್‌ನೆಟ್

ಹಂಚಿಕೆಯ ಜಾಲ ಕೊಡುವುದು ಸ್ಥಳೀಯ ನೋಡ್ ಎಂದಿಗೂ ಕೊಡಲಾಗದ್ದನ್ನು: ಇತರರನ್ನು. ನಿಮ್ಮ ಕಾಂಟ್ರ್ಯಾಕ್ಟ್‌ನ ವಿಳಾಸವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಶಿರಸಿಯಲ್ಲಿ ಕುಳಿತವರೂ ಸಿಂಗಾಪುರದಲ್ಲಿರುವವರೂ ಅದನ್ನು ಈಥರ್‌ಸ್ಕ್ಯಾನ್ ಎಂಬ ಜಾಲತಾಣದಲ್ಲಿ ತೆರೆದು ನೋಡಬಹುದು, ಮೂಲ ಕೋಡನ್ನು ದೃಢೀಕರಿಸಿದ್ದರೆ ಓದಬಹುದು, ತಮ್ಮ ವಾಲೆಟ್‌ನಿಂದಲೇ ಕರೆಯಬಹುದು. ಪ್ರಾಜೆಕ್ಟ್ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರಿಗೆ ಟರ್ಮಿನಲ್ ತೋರಿಸುವುದಕ್ಕಿಂತ ಈ ಒಂದು ಕೊಂಡಿ ಹೆಚ್ಚು ಮಾತಾಡುತ್ತದೆ.

ಯಾವ ಟೆಸ್ಟ್‌ನೆಟ್ ಎಂಬುದಕ್ಕೆ ಉತ್ತರ ಈಗ ಸ್ಪಷ್ಟವಾಗಿದೆ. ಆ್ಯಪ್ ಮತ್ತು ಕಾಂಟ್ರ್ಯಾಕ್ಟ್ ಬರೆಯುವವರಿಗೆ ಸೆಪೋಲಿಯಾ, ಅದರ ಚೈನ್ ಐಡಿ 11155111. ಅದರ ವ್ಯಾಲಿಡೇಟರ್‌ಗಳು ಆಯ್ದ ಕೆಲವರು ಮಾತ್ರ, ಆದ್ದರಿಂದ ಜಾಲ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ. ಸ್ಟೇಕಿಂಗ್ (ಈಥರ್ ಠೇವಣಿ ಇಡುವುದು) ಮತ್ತು ವ್ಯಾಲಿಡೇಟರ್ ನಡೆಸುವುದನ್ನು ಕಲಿಯುವವರಿಗೆ, ಯಾರು ಬೇಕಾದರೂ ವ್ಯಾಲಿಡೇಟರ್ ಆಗಬಹುದಾದ ಹೂಡಿ. ಹೆಸರು ಕೇಳಿ ಬೆಂಗಳೂರಿನವರು ಹುಬ್ಬೇರಿಸಿದರೆ ತಪ್ಪಿಲ್ಲ. ಇಥೀರಿಯಂನ ಟೆಸ್ಟ್‌ನೆಟ್‌ಗಳಿಗೆ ರೈಲು, ಮೆಟ್ರೊ ನಿಲ್ದಾಣಗಳ ಹೆಸರಿಡುವುದು ರೂಢಿ. ರಾಪ್‌ಸ್ಟೆನ್ ಮತ್ತು ರಿಂಕೆಬಿ ಸ್ಟಾಕ್‌ಹೋಮ್‌ನವು, ಸೆಪೋಲಿಯಾ ಅಥೆನ್ಸ್‌ನದು, ಹೂಡಿ ನಮ್ಮ ವೈಟ್‌ಫೀಲ್ಡ್ ದಾರಿಯದು. ಅದರ ಚೈನ್ ಐಡಿ 560048. ಮಹದೇವಪುರದ ಕಡೆ ಕಾಗದ ಬರೆದವರಿಗೆ ಆ ಪಿನ್‌ಕೋಡ್ ಪರಿಚಿತವೇ.

ಹೂಡಿ ಹುಟ್ಟಿದ ಕಥೆಯೇ ಹಂಚಿಕೆಯ ಜಾಲದ ಸ್ವಭಾವವನ್ನು ಹೇಳುತ್ತದೆ. ಅದಕ್ಕೂ ಮೊದಲು ವ್ಯಾಲಿಡೇಟರ್‌ಗಳ ಅಭ್ಯಾಸಕ್ಕೆಂದು 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಹೊಲೆಸ್ಕಿ ಇತ್ತು. 2025ರ ಫೆಬ್ರವರಿ 24ರಂದು ಅಲ್ಲಿ ಪೆಕ್ಟ್ರಾ ಜಾರಿಯಾದಾಗ, ಗೆಥ್, ನೆದರ್‌ಮೈಂಡ್ ಮತ್ತು ಬೇಸು ಎಂಬ ಮೂರು ಕ್ಲೈಂಟ್‌ಗಳಲ್ಲಿ, ಅಂದರೆ ನೋಡ್ ನಡೆಸುವ ತಂತ್ರಾಂಶಗಳಲ್ಲಿ, ಆ ಜಾಲದ ಠೇವಣಿ ಕಾಂಟ್ರ್ಯಾಕ್ಟ್‌ನ ವಿಳಾಸ ತಪ್ಪಾಗಿ ಹೊಂದಿಸಲ್ಪಟ್ಟಿದ್ದ ಕಾರಣ ಚೈನ್ ಕವಲೊಡೆಯಿತು; ಸುಮಾರು ಎರಡು ವಾರಗಳ ಕಾಲ ಒಂದು ಬ್ಲಾಕೂ ಅಂತಿಮವಾಗಲಿಲ್ಲ. ಬಹುಪಾಲು ವ್ಯಾಲಿಡೇಟರ್‌ಗಳು ತಪ್ಪು ಕವಲಿಗೆ ಸಾಕ್ಷಿ ಹಾಕಿದ್ದರು. ಮಾರ್ಚ್‌ನಲ್ಲಿ ಚೈನ್ ಚೇತರಿಸಿಕೊಂಡಿತಾದರೂ ವ್ಯಾಲಿಡೇಟರ್ ಹೊರಬರುವ ಸಾಲು ಅಷ್ಟುದ್ದವಾಗಿ, ಪರೀಕ್ಷೆಗೆ ಅದು ಪ್ರಯೋಜನವಿಲ್ಲದಂತಾಯಿತು. ಆ ಮಾರ್ಚ್ 17ರಂದು ಹೂಡಿ ಆರಂಭವಾಯಿತು. ಮುಖ್ಯಜಾಲದಲ್ಲಿ ಆಗಬಾರದ್ದು ಮೊದಲು ಇಲ್ಲಿ ಆಗಲಿ ಎಂದೇ ಈ ಜಾಲಗಳಿರುವುದು, ಆದ್ದರಿಂದ ಇದನ್ನು ದೂರುವಂತಿಲ್ಲ. ಆದರೆ ಮರುದಿನ ನಿಮ್ಮ ಪ್ರಾತ್ಯಕ್ಷಿಕೆ ಇದ್ದರೆ ಈ ತತ್ತ್ವ ಸಮಾಧಾನ ಕೊಡದು.

ಹಣದ ವಿಷಯಕ್ಕೆ ಬಂದರೆ ಟೆಸ್ಟ್‌ನೆಟ್ ಉಚಿತ ಎನ್ನುವುದು ಅರ್ಧ ನಿಜ. ಅಲ್ಲಿನ ಈಥರ್‌ಗೆ ಬೆಲೆಯಿಲ್ಲ, ಆದರೆ ಅದನ್ನು ಗಿಟ್ಟಿಸಿಕೊಳ್ಳಲು ಫಾಸೆಟ್‌ಗಳ, ಅಂದರೆ ಪರೀಕ್ಷೆಯ ಈಥರ್ ಹಂಚುವ ತಾಣಗಳ, ಮುಂದೆ ಕೈಚಾಚಬೇಕು. ಹಲವು ಫಾಸೆಟ್‌ಗಳು ಲಾಗಿನ್ ಕೇಳುತ್ತವೆ, ದಿನಕ್ಕಿಷ್ಟೆಂದು ಹನಿ ಹನಿಯಾಗಿ ಕೊಡುತ್ತವೆ. ಕೆಲವು ನಿಮ್ಮ ಖಾತೆಯಲ್ಲಿ ಮುಖ್ಯಜಾಲದ ನಿಜವಾದ ಈಥರ್ ಸ್ವಲ್ಪವಾದರೂ ಇರಲೇಬೇಕೆನ್ನುತ್ತವೆ. ಕ್ರಿಪ್ಟೊ ಖರೀದಿಸುವ ಉದ್ದೇಶವೇ ಇಲ್ಲದ ವಿದ್ಯಾರ್ಥಿಗಳಿಗೆ ಇದು ಮುಜುಗರದ ಷರತ್ತು. ಅವರಿಗೆ ಬ್ರೌಸರ್‌ನಲ್ಲಿ ಲೆಕ್ಕ ಮಾಡಿಸಿ ಪ್ರತಿಫಲ ಕೊಡುವ, ಪ್ರೂಫ್ ಆಫ್ ವರ್ಕ್ ಮಾದರಿಯ ಫಾಸೆಟ್ ಒಳ್ಳೆಯದು. ಲ್ಯಾಪ್‌ಟಾಪ್‌ನ ಫ್ಯಾನು ಒಂದಷ್ಟು ಹೊತ್ತು ಗುಯ್‌ಗುಡುತ್ತದೆ, ಅಷ್ಟೆ. ನಾಲ್ವರ ತಂಡವಾದರೆ ನಾಲ್ವರೂ ಮೊದಲ ದಿನದಿಂದಲೇ ಒಂದಿಷ್ಟು ಕೂಡಿಡಬೇಕು. ಕೊನೆಯ ವಾರ ಬಾವಿ ತೋಡಲು ಹೊರಡಬಾರದು. ಬಿಟ್ಟಿ ನಾಣ್ಯಕ್ಕೂ ಅಭಾವ ಬರುತ್ತದೆಯೇ ಎಂದರೆ, ಗೋರ್ಲಿ ಎಂಬ ಹಿಂದಿನ ಟೆಸ್ಟ್‌ನೆಟ್‌ನಲ್ಲಿ ಬಂದೇಬಂದಿತು: 2023ರ ಆರಂಭದಲ್ಲಿ ಅದರ ಈಥರನ್ನು ಜನ ಹಣ ಕೊಟ್ಟು ಕೊಳ್ಳುತ್ತಿದ್ದರು.

ಎರಡನೆಯ ಗುಪ್ತ ಖರ್ಚು ಆರ್‌ಪಿಸಿ, ಅಂದರೆ ನಿಮ್ಮ ಆ್ಯಪ್ ನೋಡ್‌ನೊಂದಿಗೆ ಮಾತಾಡುವ ದಾರಿ. ಸೆಪೋಲಿಯಾವನ್ನು ತಲುಪಲು ನಿಮಗೊಂದು ನೋಡ್ ಬೇಕೇಬೇಕು. ಸ್ವಂತದ್ದಿಲ್ಲವಾದರೆ ಇನ್ಫುರಾ, ಆಲ್ಕೆಮಿಯಂಥ ಸೇವೆಗಳ ಉಚಿತ ಯೋಜನೆ. ಕಲಿಯುವವರಿಗೆ ಅದು ಧಾರಾಳವಾಗಿ ಸಾಕು, ಆದರೆ ಮಿತಿಗಳು ಅನಿರೀಕ್ಷಿತ ಜಾಗದಲ್ಲಿ ಕಚ್ಚುತ್ತವೆ. ಸ್ಥಳೀಯ ನೋಡ್‌ನಲ್ಲಿ ಶೂನ್ಯದ ಬ್ಲಾಕ್‌ನಿಂದ ಇಂದಿನವರೆಗಿನ ಎಲ್ಲ ಈವೆಂಟ್‌ಗಳನ್ನು (ಕಾಂಟ್ರ್ಯಾಕ್ಟ್ ಬರೆದಿಡುವ ದಾಖಲೆಗಳನ್ನು) ಕೊಡು ಎಂದರೆ ಥಟ್ಟನೆ ಕೊಡುತ್ತದೆ, ಏಕೆಂದರೆ ಅಲ್ಲಿರುವುದೇ ನೂರಿನ್ನೂರು ಬ್ಲಾಕ್. ಅದೇ ಸಾಲನ್ನು ಸೆಪೋಲಿಯಾದ ಮೇಲೆ ಓಡಿಸಿದರೆ ವ್ಯಾಪ್ತಿ ಮಿತಿ ಮೀರಿದೆ ಎಂಬ ದೋಷ ಬರುತ್ತದೆ. ಕಾಂಟ್ರ್ಯಾಕ್ಟ್ ಡೆಪ್ಲಾಯ್ ಆದ ಬ್ಲಾಕ್‌ನ ಸಂಖ್ಯೆಯನ್ನು ಬರೆದಿಟ್ಟುಕೊಂಡು ಅಲ್ಲಿಂದಲೇ, ತುಂಡು ತುಂಡಾಗಿ ಕೇಳುವ ಅಭ್ಯಾಸವನ್ನು ಮೊದಲೇ ಮಾಡಿಕೊಳ್ಳಿ.

ಟೆಸ್ಟ್‌ನೆಟ್‌ನಲ್ಲಿ ಗ್ಯಾಸ್‌ನ (ವಹಿವಾಟು ಓಡಿಸಲು ತಗಲುವ ಕೆಲಸದ ಅಳತೆ) ಪ್ರಮಾಣವನ್ನು ನಂಬಬಹುದು, ಗ್ಯಾಸ್‌ನ ದರವನ್ನು ನಂಬಬಾರದು; ವರದಿಯಲ್ಲಿ ಖರ್ಚಿನ ಅಂದಾಜು ಬರೆಯುವವರು ಮುಖ್ಯಜಾಲದ ದರವನ್ನೇ ತೆಗೆದುಕೊಂಡು ಗುಣಿಸಬೇಕು. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಪಹಣಿಯನ್ನೋ ಅಂಕಪಟ್ಟಿಯನ್ನೋ ಬ್ಲಾಕ್‌ಚೈನ್‌ಗೆ ಹಾಕುವ ಪ್ರಾಜೆಕ್ಟ್‌ಗಳು ನಮ್ಮ ಕಾಲೇಜುಗಳಲ್ಲಿ ಸಾಮಾನ್ಯ. ಅಂಥವರು ಪರೀಕ್ಷೆಗೆಂದು ಮನೆಯವರ ನಿಜವಾದ ಆಧಾರ್ ಸಂಖ್ಯೆ, ಸರ್ವೆ ನಂಬರುಗಳನ್ನು ಸೆಪೋಲಿಯಾಕ್ಕೆ ಬರೆಯುವುದನ್ನು ಕಂಡಿದ್ದೇನೆ. ಟೆಸ್ಟ್ ಎಂಬ ಹೆಸರಿದ್ದರೂ ಅದು ಸಾರ್ವಜನಿಕ ಗೋಡೆ, ಬರೆದದ್ದನ್ನು ಅಳಿಸಲಾಗದು. ಇಂಥ ಮಾಹಿತಿ ಮನೆಯ ನೋಡ್‌ನ ಹೊರಗೆ ಕಾಲಿಡಕೂಡದು, ಮನೆಯೊಳಗೂ ಹುಸಿ ಮಾಹಿತಿಯೇ ಲೇಸು.

ಟೆಸ್ಟ್‌ನೆಟ್‌ಗೆ ಸ್ವಂತ ನೋಡ್

ಸೆಪೋಲಿಯಾ ಅಥವಾ ಹೂಡಿಯ ಪೂರ್ಣ ನೋಡನ್ನು ನೀವೇ ನಡೆಸುವುದು ನಾಲ್ಕನೆಯ ದಾರಿ. 2022ರ ಸೆಪ್ಟೆಂಬರ್ 15ರ ಮರ್ಜ್ ಎಂಬ ನವೀಕರಣದ ನಂತರ ಇಥೀರಿಯಂ ನೋಡ್ ಎಂದರೆ ಒಂದು ಪ್ರೋಗ್ರಾಮ್ ಅಲ್ಲ, ಜೋಡಿ: ವಹಿವಾಟುಗಳನ್ನು ಓಡಿಸುವ ಎಕ್ಸಿಕ್ಯೂಷನ್ ಕ್ಲೈಂಟ್, ಒಮ್ಮತವನ್ನು ಹಿಂಬಾಲಿಸುವ ಕನ್ಸೆನ್ಸಸ್ ಕ್ಲೈಂಟ್. ಗೆಥ್ ಜೊತೆ ಲೈಟ್‌ಹೌಸ್, ನೆದರ್‌ಮೈಂಡ್ ಜೊತೆ ಟೆಕು, ಹೀಗೆ ಯಾವುದಕ್ಕೆ ಯಾವುದನ್ನಾದರೂ ಕೂಡಿಸಬಹುದು. ಎರಡೂ ಒಂದೇ ರಹಸ್ಯ ಕೀಲಿಯ ಫೈಲನ್ನು ಓದುತ್ತಿರಬೇಕು. ಹೊಸಬರ ನೋಡ್ ಏಳದಿರಲು ನಾನು ಕಂಡ ಕಾರಣಗಳಲ್ಲಿ ಈ ಫೈಲಿನ ದಾರಿ ತಪ್ಪಿರುವುದೇ ಹೆಚ್ಚು. ಚೆಕ್‌ಪಾಯಿಂಟ್ ಸಿಂಕ್ ಆಯ್ಕೆ (ಆರಂಭದಿಂದಲ್ಲದೆ ಇತ್ತೀಚಿನ ಅಂತಿಮ ಸ್ಥಿತಿಯಿಂದ ಶುರು ಮಾಡುವುದು) ಕೊಟ್ಟರೆ ಕನ್ಸೆನ್ಸಸ್ ಕಡೆಯದು ನಿಮಿಷಗಳಲ್ಲಿ ಹಿಡಿದುಕೊಳ್ಳುತ್ತದೆ, ಎಕ್ಸಿಕ್ಯೂಷನ್ ಕಡೆಯದು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ.

ಡಿಸ್ಕ್ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಆಗಿರಲೇಬೇಕು. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ನೋಡ್ ಚೈನನ್ನು ಎಂದಿಗೂ ಮುಟ್ಟದು. ಟೆಸ್ಟ್‌ನೆಟ್‌ಗೆ ನೂರಾರು ಜಿಬಿ ಲೆಕ್ಕ ಹಿಡಿಯಬೇಕು. ಮುಂದೊಂದು ದಿನ ಮುಖ್ಯಜಾಲಕ್ಕೂ ಹೋಗುವ ಮನಸ್ಸಿದ್ದರೆ ಈಗಲೇ 2 ಟಿಬಿಯದನ್ನು ಕೊಳ್ಳುವುದು ಜಾಣತನ. ಮೆಮೊರಿ 16 ಜಿಬಿಗಿಂತ ಕಡಿಮೆ ಬೇಡ. ಕರೆಂಟಿನ ಲೆಕ್ಕ ಜನ ಹೆದರುವಷ್ಟಿಲ್ಲ: 30 ವಾಟ್ ಎಳೆಯುವ ಚಿಕ್ಕ ಪಿಸಿ ತಿಂಗಳಿಡೀ ಓಡಿದರೆ 21.6 ಯೂನಿಟ್, ಯೂನಿಟ್‌ಗೆ 7 ರೂಪಾಯಿ ಹಿಡಿದರೂ ಸುಮಾರು 150 ರೂಪಾಯಿ. ಹೆಚ್ಚು ಕಾಡುವುದು ಕರೆಂಟು ಹೋಗುವುದು. ನೋಡ್ ಬರೆಯುತ್ತಿರುವ ನಡುವೆ ಥಟ್ಟನೆ ಆರಿದರೆ ಮತ್ತೆ ಎದ್ದಾಗ ಹಿಂದಿನದನ್ನು ಸರಿಪಡಿಸಿಕೊಳ್ಳುತ್ತ ಕೂರುತ್ತದೆ, ಕೆಟ್ಟ ದಿನವಾದರೆ ಮೊದಲಿಂದ ಸಿಂಕ್. ರೂಟರ್ ಮತ್ತು ಪಿಸಿ ಎರಡಕ್ಕೂ ಯುಪಿಎಸ್ ಇರಲಿ. ಮನೆಯ ಫೈಬರ್ ಸಂಪರ್ಕಗಳಲ್ಲಿ ತಿಂಗಳಿಗೆ 3,300 ಜಿಬಿಯ ಆಸುಪಾಸಿನ ಮಿತಿ ಸಾಮಾನ್ಯ. ಒಂದು ನೋಡ್‌ಗೆ ಅದು ಸಾಲುತ್ತದೆ, ಮನೆಮಂದಿಯ ಸಿನಿಮಾ, ಕ್ರಿಕೆಟ್ ಸೇರಿದರೆ ಗಮನವಿಡಬೇಕು. ಹಲವು ಕಂಪನಿಗಳು ಒಂದೇ ಸಾರ್ವಜನಿಕ ಐಪಿಯನ್ನು ಅನೇಕ ಮನೆಗಳಿಗೆ ಹಂಚುವುದರಿಂದ ರೂಟರ್‌ನಲ್ಲಿ 30303 ಪೋರ್ಟ್ ತೆರೆದರೂ ಹೊರಗಿನವರು ನಿಮ್ಮನ್ನು ತಲುಪಲಾರರು. ನೋಡ್ ಆಗಲೂ ಓಡುತ್ತದೆ, ಜೊತೆಗಾರರು ಕಡಿಮೆ ಸಿಗುತ್ತಾರೆ.

ಇಷ್ಟೆಲ್ಲ ಯಾರಿಗೆ? ನೋಡನ್ನೇ ಕಲಿಯಬೇಕಾದವರಿಗೆ, ಅಂದರೆ ವ್ಯಾಲಿಡೇಟರ್ ನಡೆಸಲು ಹೊರಟವರಿಗೆ, ಮೂಲಸೌಕರ್ಯದ ಕೆಲಸ ಹುಡುಕುವವರಿಗೆ. ಕಾಂಟ್ರ್ಯಾಕ್ಟ್ ಮಾತ್ರ ಬರೆಯುವವರು ಇದಕ್ಕೆ ಕೈಹಾಕಿದರೆ ಮೊಸರಿಗಾಗಿ ಹಸು ಕಟ್ಟಿದಂತೆ. ಹಲವು ಕ್ಲೈಂಟ್‌ಗಳ ವರ್ತನೆಯನ್ನು ಒಂದೇ ಯಂತ್ರದಲ್ಲಿ ನೋಡಬೇಕಾದವರಿಗೆ ಕರ್ಟೋಸಿಸ್ ಬಳಸಿ ಡಾಕರ್‌ನಲ್ಲಿ ಖಾಸಗಿ ಜಾಲ ಕಟ್ಟುವ ಸೌಲಭ್ಯವಿದೆ. ಉಳಿದವರಿಗೆ ಅದರ ಗೊಡವೆ ಬೇಡ.

ಯಾರು ಯಾವುದನ್ನು

ಒಬ್ಬರೇ ಕಲಿಯುತ್ತಿದ್ದರೆ, ಲ್ಯಾಪ್‌ಟಾಪ್ ಹಳೆಯದಾಗಿದ್ದರೆ, ಹಾಸ್ಟೆಲ್‌ನ ವೈಫೈ ಬಂದು ಹೋಗುತ್ತಿದ್ದರೆ, ಮೊದಲ ಎರಡು ತಿಂಗಳು ಸ್ಥಳೀಯ ನೋಡ್ ಬಿಟ್ಟು ಹೊರಬರಬೇಡಿ. ಅವಸರದಲ್ಲಿ ಸೆಪೋಲಿಯಾಕ್ಕೆ ಹೋದವರು ಸಾಲಿಡಿಟಿ ಕಲಿಯುವುದಕ್ಕಿಂತ ಹೆಚ್ಚು ಹೊತ್ತನ್ನು ಫಾಸೆಟ್ ಮುಂದೆ ಕಳೆಯುತ್ತಾರೆ. ಪ್ರಾಜೆಕ್ಟ್ ತೋರಿಸುವ ದಿನಕ್ಕೆ ಮೂರು ವಾರ ಇರುವಾಗ ಸೆಪೋಲಿಯಾಕ್ಕೆ ಹಾಕಿ. ಆ ದಿನಕ್ಕೆ ಲ್ಯಾಪ್‌ಟಾಪ್‌ನಲ್ಲಿಯೂ ಅದೇ ಆ್ಯಪ್ ಸ್ಥಳೀಯ ನೋಡ್ ಮೇಲೆ ಓಡುವಂತೆ ಇಟ್ಟುಕೊಂಡಿರಿ. ಜಾಲ ಕೈಕೊಟ್ಟರೂ ನಿಮ್ಮ ಮಾತು ನಿಲ್ಲುವುದಿಲ್ಲ.

ಸಣ್ಣ ತಂಡಕ್ಕೆ ಪ್ರಶ್ನೆ ಬೇರೆ: ಕಾಂಟ್ರ್ಯಾಕ್ಟ್ ಬರೆಯುವವರು ಒಬ್ಬರು, ಪರದೆ ಕಟ್ಟುವವರು ಇನ್ನೊಬ್ಬರು, ಇಬ್ಬರಿಗೂ ಒಂದೇ ಚೈನ್ ಕಾಣಬೇಕು. ಇದಕ್ಕೆ ಎಲ್ಲರೂ ಥಟ್ಟನೆ ಸೆಪೋಲಿಯಾ ಎನ್ನುತ್ತಾರೆ. ನಾನಾದರೆ ದಿನನಿತ್ಯದ ಕೆಲಸಕ್ಕೆ ಬಾಡಿಗೆಯ ಚಿಕ್ಕ ಸರ್ವರ್‌ನಲ್ಲಿ, ಸ್ಥಿತಿಯನ್ನು ಫೈಲಿಗೆ ಉಳಿಸುವ ಆಯ್ಕೆಯೊಂದಿಗೆ ಆನ್ವಿಲ್ ಓಡಿಸಿ, ತಂಡದವರ ವಿಪಿಎನ್‌ನೊಳಗೆ ಮಾತ್ರ ಅದನ್ನು ತೆರೆದಿಡುತ್ತೇನೆ. ವಿಪಿಎನ್ ಬಗ್ಗೆ ಉದಾಸೀನ ಸಲ್ಲದು, ಏಕೆಂದರೆ ಆನ್ವಿಲ್ ಬಾಗಿಲು ತಟ್ಟಿದ ಯಾರಿಗಾದರೂ ಯಾವ ಖಾತೆಯ ವೇಷವನ್ನಾದರೂ ಹಾಕಲು ಬಿಡುತ್ತದೆ. ಹೊರಗಿನವರಿಗೆ ತೋರಿಸುವ ಆವೃತ್ತಿ ಮಾತ್ರ ವಾರಕ್ಕೊಮ್ಮೆ ಸೆಪೋಲಿಯಾಕ್ಕೆ ಹೋಗಲಿ. ಆ್ಯಪ್ ಕೊನೆಗೆ ಬೇಸ್, ಆರ್ಬಿಟ್ರಮ್‌ನಂಥ, ಇಥೀರಿಯಂನ ಮೇಲೆ ಕಟ್ಟಿದ ಎರಡನೆಯ ಪದರದ ಜಾಲದಲ್ಲಿ ಓಡಬೇಕಾದದ್ದಾದರೆ ಆಯಾ ಜಾಲದ ಸೆಪೋಲಿಯಾ ಆವೃತ್ತಿಯಲ್ಲಿಯೇ ಪರೀಕ್ಷಿಸಬೇಕು. ಎಲ್ಲ ಜಾಲಗಳೂ ಒಂದೇ ದಿನ ನವೀಕರಣಗೊಳ್ಳುವುದಿಲ್ಲ. 2023ರ ಶಾಂಘೈ ನವೀಕರಣದಲ್ಲಿ ಬಂದ ಪುಷ್‌ಝೀರೊ ಎಂಬ ಒಂದೇ ಹೊಸ ಆಜ್ಞೆಯಿಂದಾಗಿ, ಸಾಲಿಡಿಟಿ 0.8.20ರಲ್ಲಿ ಸುಮ್ಮನೆ ಕಂಪೈಲ್ ಮಾಡಿದ ಕಾಂಟ್ರ್ಯಾಕ್ಟ್‌ಗಳು ಅದನ್ನಿನ್ನೂ ಅರಿಯದ ಜಾಲಗಳಲ್ಲಿ ಡೆಪ್ಲಾಯ್ ಆಗದೆ ಬಿದ್ದವು. ಸ್ಥಳೀಯ ನೋಡ್‌ನಲ್ಲಿ ಮಾತ್ರ ಅವೆಲ್ಲ ಸೊಗಸಾಗಿ ಓಡಿದ್ದವು.

ಹಣಕಾಸಿನ ಆ್ಯಪ್‌ನವರಿಗೆ ಫೋರ್ಕ್‌ನಲ್ಲಿ ಬಹುಪಾಲು ಕೆಲಸ, ಟೆಸ್ಟ್‌ನೆಟ್‌ನಲ್ಲಿ ವಾಲೆಟ್ ಮತ್ತು ಪರದೆಯ ಕೆಲಸ. ವ್ಯಾಲಿಡೇಟರ್ ಕನಸಿನವರು ನೇರವಾಗಿ ಹೂಡಿಗೆ ಹೋಗಿ ಮೂರು ತಿಂಗಳು ನೋಡ್ ನಡೆಸಲಿ. ಆ ಅವಧಿಯಲ್ಲಿ ಕರೆಂಟು ಎಷ್ಟು ಸಲ ಹೋಯಿತು, ಒಂದು ಕ್ಲೈಂಟ್ ನವೀಕರಣಕ್ಕೆ ನಿಮಗೆಷ್ಟು ಹೊತ್ತು ಹಿಡಿಯಿತು ಎಂದು ಡೈರಿಯಲ್ಲಿ ಬರೆದಿಡಲಿ. ನಿಜವಾದ 32 ಈಥರ್ ಇಡಬೇಕೋ ಬೇಡವೋ ಎಂಬುದನ್ನು ಆ ಪುಟಗಳೇ ಹೇಳುತ್ತವೆ.

ಯಾವುದನ್ನು ಆರಿಸಿಕೊಂಡರೂ ಚೈನ್ ಐಡಿ, ಆರ್‌ಪಿಸಿ ವಿಳಾಸ ಮತ್ತು ಕಾಂಟ್ರ್ಯಾಕ್ಟ್‌ಗಳ ವಿಳಾಸಗಳನ್ನು ಕೋಡಿನಲ್ಲಿ ಅಲ್ಲಲ್ಲಿ ಚೆಲ್ಲದೆ ಒಂದೇ ಫೈಲಿನಲ್ಲಿ ಇಡಿ, ಡೆಪ್ಲಾಯ್ ಮಾಡುವುದನ್ನು ಕೈಯಿಂದ ಮಾಡದೆ ಸ್ಕ್ರಿಪ್ಟ್‌ನಿಂದ ಮಾಡಿ. ರಾಪ್‌ಸ್ಟೆನ್, ರಿಂಕೆಬಿ, ಗೋರ್ಲಿ ಒಂದರ ಹಿಂದೊಂದು ಮುಚ್ಚಿದವು, ಸೆಪೋಲಿಯಾಕ್ಕೂ ಒಂದು ದಿನ ಅದೇ ಸರದಿ ಬರುತ್ತದೆ. ಆ ದಿನ ಹೀಗೆ ಸಿದ್ಧರಾಗಿದ್ದವರು ಎರಡು ಸಾಲು ಬದಲಾಯಿಸಿ, ಹೊಸ ಫಾಸೆಟ್‌ನ ಸರದಿಯಲ್ಲಿ ಹೋಗಿ ನಿಂತರಾಯಿತು.